ಕಮಾಂಡ್ ಲೈನ್ ಟೂಲ್‌ನ ರಿಲೀಸ್ ಆಟೊಮೇಟ್ ಮಾಡಲು ಯಾವ ದಾರಿ?

ಕೆಲವು ವರ್ಷಗಳ ಹಿಂದೆ, ಗೋ ಭಾಷೆಯಲ್ಲಿ ಬರೆದ ನನ್ನದೊಂದು ಸಣ್ಣ ಟೂಲ್‌ನ 1.4.0 ಆವೃತ್ತಿಯನ್ನು ಹೊರಬಿಟ್ಟೆ. ಟ್ಯಾಗ್ (ಗಿಟ್‌ನಲ್ಲಿ ಒಂದು ಕಮಿಟ್‌ಗೆ ಅಂಟಿಸುವ ಆವೃತ್ತಿಯ ಹೆಸರು) ಪುಶ್ ಆಯಿತು, ಬೈನರಿಗಳು (ಕಂಪೈಲ್ ಆಗಿ ಓಡಲು ಸಿದ್ಧವಾದ ಫೈಲುಗಳು) ಅಪ್‌ಲೋಡ್ ಆದವು, ಪ್ರತಿ ಜಾಬ್‌ನ ಪಕ್ಕದಲ್ಲೂ ಹಸಿರು ಗುರುತು ಬಂತು. ಬೈನರಿಯನ್ನು ಇಳಿಸಿಕೊಂಡು ವರ್ಷನ್ ಕೇಳಿದರೆ ಅದು "ಡೆವ್" ಅಂದಿತು. ಹುಡುಕಿದಾಗ ಸಿಕ್ಕ ಕಾರಣ ಇದು: ವರ್ಷನ್ ಹಿಡಿದಿಡುವ ವೇರಿಯಬಲ್ಲನ್ನು ನಾನು ಮೇನ್ ಪ್ಯಾಕೇಜಿನಿಂದ ಬೇರೆ ಪ್ಯಾಕೇಜಿಗೆ ಸರಿಸಿದ್ದೆ, ಬಿಲ್ಡ್ ಸ್ಕ್ರಿಪ್ಟ್ ಲಿಂಕರ್‌ಗೆ (ಕಂಪೈಲ್ ಆದ ತುಣುಕುಗಳನ್ನು ಒಂದು ಬೈನರಿಯಾಗಿ ಜೋಡಿಸುವ ಟೂಲ್‌ಗೆ) ಹಳೆಯ ಹೆಸರನ್ನೇ ಕೊಡುತ್ತಿತ್ತು. ಆ ಹೆಸರಿನ ವೇರಿಯಬಲ್ ಸಿಗದಿದ್ದರೆ ಗೋ ಲಿಂಕರ್ ಎರರ್ ಕೊಡುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತದೆ.

ಅವಸರದಲ್ಲಿ ಆ ಟ್ಯಾಗನ್ನು ಅಳಿಸಿ, ತಿದ್ದಿದ ಕಮಿಟ್ ಮೇಲೆ ಅದೇ ಹೆಸರಿನಲ್ಲಿ ಮತ್ತೆ ಹಾಕಿದೆ. ನಿಜವಾದ ತಪ್ಪು ಅದು. ಅಷ್ಟರಲ್ಲಿ ಗೋ ಮಾಡ್ಯೂಲ್ ಪ್ರಾಕ್ಸಿ (ಗೋ ಪ್ಯಾಕೇಜ್‌ಗಳ ನಕಲು ಇಟ್ಟು ಹಂಚುವ ಸರ್ವರ್) ಹಳೆಯ 1.4.0 ಅನ್ನು ಎತ್ತಿಟ್ಟುಕೊಂಡಿತ್ತು, ಅದರ ಚೆಕ್‌ಸಮ್ (ಒಳಗಿನ ಕೋಡ್ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಸಾರ್ವಜನಿಕ ಡೇಟಾಬೇಸ್‌ನಲ್ಲಿ ದಾಖಲಾಗಿತ್ತು. ಆ ಡೇಟಾಬೇಸ್‌ಗೆ ಹೊಸದನ್ನು ಸೇರಿಸಬಹುದು, ಬರೆದದ್ದನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಪ್ರಾಕ್ಸಿ ಮೂಲಕ ಇನ್‌ಸ್ಟಾಲ್ ಮಾಡಿದವರಿಗೆಲ್ಲ ಹಳೆಯ ಕೋಡ್ ಸಿಕ್ಕಿತು, ನೇರವಾಗಿ ರೆಪೊದಿಂದ ತಂದವರಿಗೆ "ಚೆಕ್‌ಸಮ್ ಮಿಸ್‌ಮ್ಯಾಚ್" ಎರರ್ ಬಂತು. ಕೊನೆಗೆ 1.4.1 ಹೊರಡಿಸಬೇಕಾಯಿತು. ರಸ್ಟ್ ಲೋಕದಲ್ಲೂ ಇದೇ ಕಥೆ: ರಸ್ಟ್ ಪ್ಯಾಕೇಜ್‌ಗಳ ಭಂಡಾರವಾದ ಕ್ರೇಟ್ಸ್ ಡಾಟ್ ಐಒಗೆ ಒಮ್ಮೆ ಹೋದ ಆವೃತ್ತಿಯನ್ನು "ಯಾಂಕ್" ಮಾಡಬಹುದು (ಹೊಸಬರು ಆರಿಸದಂತೆ ಹಿಂದಕ್ಕೆ ಸರಿಸಬಹುದು), ಅದೇ ಸಂಖ್ಯೆಯಲ್ಲಿ ಬೇರೆ ಕೋಡ್ ಹಾಕುವಂತಿಲ್ಲ.

ಅಂದಿನಿಂದ ರಿಲೀಸ್ ಟೂಲ್‌ಗಳನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಹೊರಗೆ ಏನನ್ನೂ ಬಿಡದೆ, ಇಡೀ ರಿಲೀಸನ್ನು ಎಷ್ಟು ಮಟ್ಟಿಗೆ ತಾಲೀಮು ಮಾಡಬಹುದು? ವೈಶಿಷ್ಟ್ಯಗಳ ಪಟ್ಟಿ ಎಷ್ಟೇ ಉದ್ದ ಇರಲಿ, ತಾಲೀಮಿಗೆ ಅವಕಾಶ ಇಲ್ಲದ ವ್ಯವಸ್ಥೆಯಲ್ಲಿ ಪ್ರತಿ ತಪ್ಪೂ ಬಳಕೆದಾರರ ಕಣ್ಣೆದುರೇ ನಡೆಯುತ್ತದೆ.

## ಒಂದು ಹೆಸರಿನಡಿ ಮೂರು ಕೆಲಸ

"ಸೆಮ್ಯಾಂಟಿಕ್ ರಿಲೀಸ್ ಒಳ್ಳೆಯದೋ ಗೋರಿಲೀಸರ್ ಒಳ್ಳೆಯದೋ" ಅಂತ ಕೇಳುವವರು ತುಂಬಾ ಜನ. ಅವೆರಡೂ ಮಾಡುವ ಕೆಲಸವೇ ಬೇರೆ. ರಿಲೀಸ್ ಅನ್ನುವ ಹೆಸರಿನಡಿ ಮೂರು ಕೆಲಸಗಳಿವೆ. ಮುಂದಿನ ಸಂಖ್ಯೆ ಏನು ಅಂತ ತೀರ್ಮಾನಿಸುವುದು ಒಂದು. ಆ ಕೋಡನ್ನು ಲಿನಕ್ಸ್, ಮ್ಯಾಕ್, ವಿಂಡೋಸ್‌ಗಳಿಗೆ, ಇಂಟೆಲ್ ಮತ್ತು ಆರ್ಮ್ ಎರಡಕ್ಕೂ ಕಂಪೈಲ್ ಮಾಡುವುದು ಇನ್ನೊಂದು. ಬಂದ ಬೈನರಿಗಳನ್ನು ಆರ್ಕೈವ್ ಮಾಡಿ, ಚೆಕ್‌ಸಮ್ ಬರೆದು, ಸಹಿ ಹಾಕಿ, ಹೋಮ್‌ಬ್ರೂ (ಮುಖ್ಯವಾಗಿ ಮ್ಯಾಕ್), ಸ್ಕೂಪ್ (ವಿಂಡೋಸ್), ಡೆಬ್, ಆರ್‌ಪಿಎಂ (ಲಿನಕ್ಸ್) ಥರದ ಪ್ಯಾಕೇಜ್ ವ್ಯವಸ್ಥೆಗಳಿಗೆ ತಲುಪಿಸುವುದು ಮೂರನೆಯದು.

ಸೆಮ್ಯಾಂಟಿಕ್ ರಿಲೀಸ್, ರಿಲೀಸ್ ಪ್ಲೀಸ್, ರಿಲೀಸ್‌-ಪ್ಲ್ಜ್ ಇವು ಮುಖ್ಯವಾಗಿ ಮೊದಲ ಕೆಲಸದವು. ಗೋರಿಲೀಸರ್, ಕಾರ್ಗೋ ಡಿಸ್ಟ್, ಜೆರಿಲೀಸರ್ ಮೂರನೆಯ ಕೆಲಸದವು, ಎರಡನೆಯದನ್ನೂ ಬೇರೆ ಬೇರೆ ಮಟ್ಟದಲ್ಲಿ ಹೊತ್ತುಕೊಳ್ಳುತ್ತವೆ. ಒಂದು ಗುಂಪಿನದನ್ನೂ ಇನ್ನೊಂದು ಗುಂಪಿನದನ್ನೂ ಜೊತೆಗೆ ಇಟ್ಟುಕೊಳ್ಳಬಹುದು, ಬಹಳ ಕಡೆ ಇಟ್ಟುಕೊಂಡೂ ಇದ್ದಾರೆ.

ಆಯ್ಕೆಗೆ ಮುಂಚೆ ನಿಮ್ಮ ಟೂಲ್ ಬಗ್ಗೆ ಒಂದು ವಿಷಯ ಗೊತ್ತಿರಬೇಕು: ಅದರೊಳಗೆ ಸಿ ಲೈಬ್ರರಿ ಇದೆಯೇ? ಶುದ್ಧ ಗೋ ಆಗಿದ್ದರೆ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿ ಒಂದೇ ಲಿನಕ್ಸ್ ಯಂತ್ರದಲ್ಲಿ ಎಲ್ಲ ಪ್ಲಾಟ್‌ಫಾರ್ಮ್‌ಗೂ ಕಂಪೈಲ್ ಆಗುತ್ತದೆ. ಸಿಗೋ (ಗೋದಿಂದ ಸಿ ಕೋಡ್ ಕರೆಯುವ ಸೌಲಭ್ಯ) ಮೂಲಕ ಎಸ್‌ಕ್ಯುಲೈಟ್‌ನಂಥದ್ದು ಒಳಗೆ ಬಂದರೆ ಆ ಸುಖ ಮುಗಿಯಿತು, ಪ್ರತಿ ಪ್ಲಾಟ್‌ಫಾರ್ಮ್‌ಗೂ ಸಿ ಕಂಪೈಲರ್, ಲಿಂಕರ್, ಹೆಡರ್‌ಗಳು ಬೇಕಾಗುತ್ತವೆ. ರಸ್ಟ್‌ಗೆ ಲಿಂಕರ್ ಯಾವಾಗಲೂ ಬೇಕು. ಹಾಗಾಗಿ ಗೋ ಬಳಗಕ್ಕೆ ಸಲೀಸಾಗಿ ಒಗ್ಗಿದ ದಾರಿ ರಸ್ಟ್ ಬಳಗಕ್ಕೆ ಅಷ್ಟು ಸಲೀಸಲ್ಲ.

## ಕೈಯಲ್ಲೇ ಬರೆದ ವರ್ಕ್‌ಫ್ಲೋ

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನ ಆಟೊಮೇಶನ್ ಸೇವೆ) ಒಂದು ಮ್ಯಾಟ್ರಿಕ್ಸ್ (ಒಂದೇ ಜಾಬನ್ನು ಹಲವು ಪ್ಲಾಟ್‌ಫಾರ್ಮ್‌ಗೆ ಓಡಿಸುವ ಪಟ್ಟಿ), ಪ್ರತಿ ಪ್ಲಾಟ್‌ಫಾರ್ಮ್‌ಗೆ ಒಂದು ರನ್ನರ್ (ಜಾಬ್ ಓಡುವ ಯಂತ್ರ), ಕೊನೆಗೆ ಗಿಟ್‌ಹಬ್‌ನ ಜಿಎಚ್ ಕಮಾಂಡ್‌ನಿಂದ ರಿಲೀಸ್. ಇದನ್ನು ಹಳೆಯ ಕಾಲದ ಪದ್ಧತಿ ಅಂತ ತಳ್ಳಿಹಾಕುವಂತಿಲ್ಲ. ರಿಪ್‌ಗ್ರೆಪ್‌ನಂಥ ಬಹುಜನ ಬಳಸುವ ಟೂಲ್ ಕೂಡ ಕೈಬರಹದ ವರ್ಕ್‌ಫ್ಲೋನಿಂದಲೇ ಹೊರಬರುತ್ತದೆ. ಸಿ ಲೈಬ್ರರಿಗಳು ಜಾಸ್ತಿ ಇದ್ದಾಗ, ಆಯಾ ಪ್ಲಾಟ್‌ಫಾರ್ಮ್‌ನಲ್ಲೇ ಬಿಲ್ಡ್ ಮಾಡಿ ಅಲ್ಲೇ ಟೆಸ್ಟ್ ಓಡಿಸುವುದು ಎಲ್ಲಕ್ಕಿಂತ ನೇರವಾದ ದಾರಿ. 2025ರಿಂದ ಸಾರ್ವಜನಿಕ ರೆಪೊಗಳಿಗೆ ಲಿನಕ್ಸ್ ಆರ್ಮ್ ರನ್ನರ್‌ಗಳೂ ಉಚಿತವಾಗಿ ಸಿಗುತ್ತಿರುವುದರಿಂದ, ಎಮ್ಯುಲೇಶನ್‌ನಲ್ಲಿ ನಿಧಾನವಾಗಿ ಕಂಪೈಲ್ ಮಾಡುವ ಕಷ್ಟವೂ ತಪ್ಪಿದೆ. ಖಾಸಗಿ ರೆಪೊದಲ್ಲಾದರೆ ಮ್ಯಾಕ್ ರನ್ನರ್‌ನ ನಿಮಿಷಗಳು ಲಿನಕ್ಸ್‌ಗಿಂತ ಬಹಳ ದುಬಾರಿ, ಲೆಕ್ಕ ಹಾಕಿಕೊಂಡೇ ಇಳಿಯಿರಿ.

ಈ ದಾರಿಯ ದೊಡ್ಡ ಅಪಾಯ ಅರೆಬರೆ ರಿಲೀಸ್. ಆರು ಜಾಬ್‌ಗಳಲ್ಲಿ ಐದು ತಮ್ಮ ಬೈನರಿಯನ್ನು ಅಪ್‌ಲೋಡ್ ಮಾಡಿ ಮುಗಿಸುತ್ತವೆ, ಆರನೆಯದು ಬಿಲ್ಡ್‌ನಲ್ಲೇ ಬೀಳುತ್ತದೆ. ಬಳಕೆದಾರರ ಕಣ್ಣಿಗೆ ಹೊಸ ಆವೃತ್ತಿ ಆಗಲೇ ಬಂದಿದೆ, ವಿಂಡೋಸ್ ಫೈಲ್ ಮಾತ್ರ ಇಲ್ಲ. ಇದಕ್ಕೆ ಪರಿಹಾರ ಸರಳ, ಆದರೆ ಮೊದಲ ಸಲ ಬರೆಯುವಾಗ ಯಾರಿಗೂ ಹೊಳೆಯುವುದಿಲ್ಲ: ಬಿಲ್ಡ್ ಜಾಬ್‌ಗಳು ಏನನ್ನೂ ಪ್ರಕಟಿಸಬಾರದು. ಎಲ್ಲವೂ ಮುಗಿದ ಮೇಲೆ ಒಂದೇ ಜಾಬ್ ಎಲ್ಲ ಫೈಲುಗಳನ್ನೂ ಒಟ್ಟುಗೂಡಿಸಿ, ಡ್ರಾಫ್ಟ್ ರಿಲೀಸ್‌ಗೆ ಹಾಕಿ, ಎಣಿಕೆ ಸರಿಯಿದ್ದರೆ ಮಾತ್ರ ಡ್ರಾಫ್ಟನ್ನು ಬಹಿರಂಗ ಮಾಡಬೇಕು. ಡ್ರಾಫ್ಟ್ ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ ಅದೇ ಒಂದು ತಾಲೀಮು ಆಗುತ್ತದೆ.

ಆದರೆ ವರ್ಕ್‌ಫ್ಲೋ ಫೈಲನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಇರುವ ಹಾಗೇ ಓಡಿಸಲು ಆಗುವುದಿಲ್ಲ. ಯಾಮಲ್‌ನಲ್ಲಿ (ವರ್ಕ್‌ಫ್ಲೋ ಬರೆಯುವ ಫೈಲ್ ಶೈಲಿ) ಒಂದು ಸಾಲು ಬದಲಿಸಿ, ಪುಶ್ ಮಾಡಿ, ಕಾದು, ಎರರ್ ಓದಿ, ಮತ್ತೆ ಪುಶ್ ಮಾಡಿ ಇಡೀ ಮಧ್ಯಾಹ್ನ ಕಳೆದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಈ ದಾರಿ ಹಿಡಿದರೆ ಯಾಮಲ್‌ನಲ್ಲಿ ಆದಷ್ಟು ಕಡಿಮೆ ಇಡಿ. ಕಂಪೈಲ್, ಪ್ಯಾಕಿಂಗ್, ಚೆಕ್‌ಸಮ್ ಎಲ್ಲವೂ ಮೇಕ್‌ಫೈಲ್‌ನಲ್ಲೋ ಸ್ಕ್ರಿಪ್ಟ್‌ನಲ್ಲೋ ಇರಲಿ, ಯಾಮಲ್ ಅದನ್ನು ಕರೆದರೆ ಸಾಕು.

## ಗೋರಿಲೀಸರ್

ಗೋ ಟೂಲ್ ಆಗಿದ್ದು, ಸಿಗೋ ಇಲ್ಲದಿದ್ದರೆ ಬೇರೆ ಯೋಚನೆ ಬೇಡ. ಗಿಟ್‌ಹಬ್‌ನದೇ ಜಿಎಚ್ ಟೂಲ್ ಇದನ್ನು ಬಳಸುತ್ತದೆ. ರೆಪೊದ ಬೇರಿನಲ್ಲಿ ಒಂದು ಯಾಮಲ್ ಫೈಲ್, ಅದರಲ್ಲಿ ಯಾವ ಪ್ಲಾಟ್‌ಫಾರ್ಮ್, ಯಾವ ಆರ್ಕೈವ್, ಯಾವ ಪ್ಯಾಕೇಜ್ ಅಂತ ಬರೆದರೆ ಉಳಿದದ್ದು ಅದರ ಪಾಲು. ಡೆಬ್, ಆರ್‌ಪಿಎಂ, ಎಪಿಕೆ ಪ್ಯಾಕೇಜ್‌ಗಳು, ಕಂಟೇನರ್ ಇಮೇಜ್, ಸ್ಕೂಪ್, ಕೊಸೈನ್ ಟೂಲ್‌ನ ಡಿಜಿಟಲ್ ಸಹಿ, ಎಸ್‌ಬಾಮ್ (ಒಳಗೆ ಬಳಸಿದ ಲೈಬ್ರರಿಗಳ ಪಟ್ಟಿ) ಎಲ್ಲಕ್ಕೂ ಅಲ್ಲೇ ಜಾಗ ಇದೆ. ಗಿಟ್‌ಲ್ಯಾಬ್ ಮತ್ತು ಗಿಟೀ ಮೇಲೂ ನಡೆಯುತ್ತದೆ.

ನಾನು ಇದನ್ನು ಮೆಚ್ಚುವುದು ಒಂದು ಫ್ಲ್ಯಾಗ್‌ಗಾಗಿ: ಸ್ನ್ಯಾಪ್‌ಶಾಟ್. ಗೋರಿಲೀಸರ್ ರಿಲೀಸ್ ಕಮಾಂಡ್‌ಗೆ ಸ್ನ್ಯಾಪ್‌ಶಾಟ್ ಮತ್ತು ಕ್ಲೀನ್ ಫ್ಲ್ಯಾಗ್‌ಗಳನ್ನು ಕೊಟ್ಟು ಲ್ಯಾಪ್‌ಟಾಪ್‌ನಲ್ಲೇ ಓಡಿಸಿ. ಟ್ಯಾಗ್ ಬೇಡ, ಟೋಕನ್ (ಪ್ರಕಟಿಸಲು ಅನುಮತಿ ಕೊಡುವ ಕೀಲಿ) ಬೇಡ, ಹೊರಗೆ ಏನೂ ಹೋಗುವುದಿಲ್ಲ. ಕೆಲವು ಕ್ಷಣಗಳಲ್ಲಿ ಡಿಸ್ಟ್ ಅನ್ನುವ ಫೋಲ್ಡರ್ ತುಂಬುತ್ತದೆ: ಪ್ರತಿ ಪ್ಲಾಟ್‌ಫಾರ್ಮ್‌ಗೂ ಒಂದೊಂದು ಟಾರ್ ಫೈಲ್, ವಿಂಡೋಸ್‌ಗೆ ನೀವು ಹೇಳಿದ್ದರೆ ಜಿಪ್, ಎಲ್ಲದರ ಹ್ಯಾಶ್ ಇರುವ ಚೆಕ್‌ಸಮ್ ಫೈಲ್, ಹೋಮ್‌ಬ್ರೂಗೆ ಹೋಗಬೇಕಾದ ಫೈಲ್ ಕೂಡ. ಒಂದು ಟಾರ್ ಬಿಚ್ಚಿ ನೋಡಿ. ಲೈಸೆನ್ಸ್ ಒಳಗಿದೆಯೇ? ಬೈನರಿಗೆ ಎಕ್ಸಿಕ್ಯೂಟ್ ಅನುಮತಿ ಇದೆಯೇ? ವರ್ಷನ್ ಕೇಳಿದರೆ ಏನನ್ನುತ್ತದೆ? ನನ್ನ 1.4.0ರ ತಪ್ಪು ಇಲ್ಲೇ, ಯಾರಿಗೂ ತೊಂದರೆ ಆಗದ ಹಾಗೆ ಸಿಕ್ಕಿಬೀಳುತ್ತಿತ್ತು.

ಎಡವುವ ಜಾಗಗಳೂ ಇವೆ. ಆಕ್ಷನ್ಸ್‌ನ ಚೆಕ್‌ಔಟ್ ಡೀಫಾಲ್ಟ್ ಆಗಿ ಒಂದೇ ಒಂದು ಕಮಿಟ್ ತರುತ್ತದೆ. ಹಿಂದಿನ ಟ್ಯಾಗ್‌ಗಳು ಕಾಣದೆ ಚೇಂಜ್‌ಲಾಗ್ ಕೆಡುತ್ತದೆ. ಪೂರ್ತಿ ಇತಿಹಾಸ ಬರಲು ಫೆಚ್ ಡೆಪ್ತ್ ಸೊನ್ನೆ ಇಡಬೇಕು. ಗೋರಿಲೀಸರ್ ಶುರುವಾಗುವ ಮುಂಚಿನ ಹಂತಗಳಲ್ಲಿ ಕಮಿಟ್ ಆಗದ ಫೈಲ್ ಏನಾದರೂ ಹುಟ್ಟಿಕೊಂಡಿದ್ದರೆ "ಗಿಟ್ ಡರ್ಟಿ ಆಗಿದೆ" ಅಂತ ನಿಂತುಬಿಡುತ್ತದೆ. ಕಿರಿಕಿರಿ ಅನ್ನಿಸಿದರೂ ಅದು ನಿಮ್ಮ ಒಳ್ಳೆಯದಕ್ಕೇ ಇದೆ, ಬಲವಂತವಾಗಿ ದಾಟಬೇಡಿ. ಹೋಮ್‌ಬ್ರೂ ಟ್ಯಾಪ್ (ಟೂಲನ್ನು ಇನ್‌ಸ್ಟಾಲ್ ಮಾಡುವ ವಿವರಗಳ ಸಂಗ್ರಹ) ಬೇರೆ ರೆಪೊದಲ್ಲಿ ಇರುವುದರಿಂದ ಆಕ್ಷನ್ಸ್ ಕೊಡುವ ಡೀಫಾಲ್ಟ್ ಟೋಕನ್ ಅಲ್ಲಿಗೆ ಬರೆಯಲಾರದು, ಆ ಒಂದು ರೆಪೊಗೆ ಮಾತ್ರ ಅನುಮತಿ ಇರುವ ಪ್ರತ್ಯೇಕ ಟೋಕನ್ ಮಾಡಿಕೊಳ್ಳಿ. ಹೋಮ್‌ಬ್ರೂ ಫಾರ್ಮುಲಾ ಬರೆಯುವ ಹಳೆಯ ವಿಭಾಗವನ್ನು 2.10ರಿಂದ ಬಳಕೆ ತಪ್ಪಿಸಿ, ಕಾಸ್ಕ್ (ಸಿದ್ಧ ಬೈನರಿಗಳಿಗೆ ಹೋಮ್‌ಬ್ರೂ ಇಟ್ಟಿರುವ ಬೇರೆ ವಿವರಣಾ ಶೈಲಿ) ಕಡೆಗೆ ಸರಿಸಿದ್ದಾರೆ. ಹಳೆಯ ಉದಾಹರಣೆಗಳನ್ನು ನಕಲು ಮಾಡುವಾಗ ಇದು ನೆನಪಿರಲಿ. ಕೆಲವು ಸೌಲಭ್ಯಗಳು ಹಣ ಕೊಟ್ಟು ಪಡೆಯುವ ಪ್ರೊ ಆವೃತ್ತಿಯಲ್ಲಿ ಮಾತ್ರ ಇವೆ. ಒಂದು ರೆಪೊದಲ್ಲಿ ಒಂದು ಟೂಲ್ ಇಟ್ಟುಕೊಂಡವರಿಗೆ ಅದರ ಅಗತ್ಯ ಬೀಳುವುದು ಅಪರೂಪ.

## ಕಾರ್ಗೋ ಡಿಸ್ಟ್, ಮತ್ತು ರಸ್ಟ್‌ನವರ ಉಳಿದ ದಾರಿಗಳು

ಕಾರ್ಗೋ ಡಿಸ್ಟ್‌ನ ಸ್ವಭಾವ ಬೇರೆ. ಅದು ನಿಮ್ಮ ಪರವಾಗಿ ವರ್ಕ್‌ಫ್ಲೋ ಫೈಲನ್ನೇ ಬರೆದು ಕೊಡುತ್ತದೆ. ಡಿಸ್ಟ್ ಇನಿಟ್ ಓಡಿಸಿ, ಪ್ರಶ್ನೆಗಳಿಗೆ ಉತ್ತರಿಸಿದರೆ ಉದ್ದದ ಯಾಮಲ್ ಫೈಲ್ ಸಿದ್ಧ. ಟ್ಯಾಗ್ ಪುಶ್ ಆದಾಗ ಪ್ಲಾಟ್‌ಫಾರ್ಮ್‌ಗೆ ತಕ್ಕ ರನ್ನರ್‌ಗಳಲ್ಲಿ ಬಿಲ್ಡ್ ಆಗುತ್ತದೆ. ಶೆಲ್ ಮತ್ತು ಪವರ್‌ಶೆಲ್ ಇನ್‌ಸ್ಟಾಲರ್ ಸ್ಕ್ರಿಪ್ಟ್‌ಗಳು, ಹೋಮ್‌ಬ್ರೂ ಫಾರ್ಮುಲಾ, ಎನ್‌ಪಿಎಂ ಪ್ಯಾಕೇಜ್, ವಿಂಡೋಸ್‌ನ ಎಂಎಸ್‌ಐ ಕೂಡ ಬರುತ್ತವೆ. ಪೈಥಾನ್ ಲೋಕದ ಯುವಿ ಟೂಲ್ ಹೀಗೇ ಹೊರಬರುತ್ತದೆ. ಒಂದೇ ಸಾಲನ್ನು ಟರ್ಮಿನಲ್‌ಗೆ ಅಂಟಿಸಿ ಇನ್‌ಸ್ಟಾಲ್ ಮಾಡುವ ಬಳಕೆದಾರರು ನಿಮಗೆ ಜಾಸ್ತಿ ಇದ್ದರೆ, ಆ ಇನ್‌ಸ್ಟಾಲರ್ ಸ್ಕ್ರಿಪ್ಟೇ ಇದನ್ನು ಆರಿಸಲು ಸಾಕಷ್ಟು ಕಾರಣ. ಅಂಥದ್ದನ್ನು ಕೈಯಲ್ಲಿ ಬರೆದು, ಪಾತ್ ಸೇರಿಸಿ, ಎಲ್ಲ ಶೆಲ್‌ಗಳಲ್ಲಿ ಪರೀಕ್ಷಿಸುವುದು ತಿಂಗಳುಗಟ್ಟಲೆ ಎಳೆಯುವ ಕೆಲಸ.

ತಾಲೀಮಿನ ಲೆಕ್ಕದಲ್ಲೂ ಇದು ಚೆನ್ನಾಗಿದೆ. ಡೀಫಾಲ್ಟ್ ಆಗಿ ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲೂ ಡಿಸ್ಟ್ ಪ್ಲಾನ್ ಓಡಿ, ಈಗ ರಿಲೀಸ್ ಮಾಡಿದರೆ ಏನೇನು ಹೊರಬರುತ್ತದೆ ಅಂತ ಪಟ್ಟಿ ಮಾಡುತ್ತದೆ. ಕೊರತೆ ಇರುವುದು ಇಲ್ಲಿ: ಅದು ಬರೆದ ಯಾಮಲ್ ಅದರದೇ. ನೀವು ಒಂದು ಸಾಲು ತಿದ್ದಿದರೂ ಫೈಲ್ ತಾನು ಬರೆದಂತಿಲ್ಲ ಎಂದು ಎರರ್ ಕೊಡುತ್ತದೆ. ವಿನಾಯಿತಿ ಕೊಡುವ ಸೆಟ್ಟಿಂಗ್ ಇದೆ, ಆದರೆ ಅದನ್ನು ಹಾಕಿದ ದಿನದಿಂದ ಮುಂದಿನ ಅಪ್‌ಡೇಟ್‌ಗಳನ್ನು ಕೈಯಲ್ಲೇ ಸೇರಿಸಿಕೊಳ್ಳುವ ಹೊರೆ ನಿಮ್ಮದು. ನಿಮ್ಮ ಬಿಲ್ಡ್‌ನಲ್ಲಿ ವಿಚಿತ್ರ ಹಂತಗಳಿದ್ದರೆ ಕೈಬರಹದ ವರ್ಕ್‌ಫ್ಲೋ ಒಳ್ಳೆಯದು.

ಗೋರಿಲೀಸರ್ ಕೂಡ 2.5ರಿಂದ ರಸ್ಟ್ ಮತ್ತು ಜಿಗ್ ಪ್ರಾಜೆಕ್ಟ್‌ಗಳನ್ನು ಬಿಲ್ಡ್ ಮಾಡುತ್ತದೆ. ರಸ್ಟ್‌ಗೆ ಅದು ಕಾರ್ಗೋ ಜಿಗ್‌ಬಿಲ್ಡ್ (ಜಿಗ್ ಭಾಷೆಯ ಟೂಲನ್ನು ಲಿಂಕರ್ ಆಗಿ ಬಳಸಿ ರಸ್ಟ್ ಕಂಪೈಲ್ ಮಾಡುವ ಕಮಾಂಡ್) ಬಳಸುತ್ತದೆ. ತಂಡದಲ್ಲಿ ಗೋ, ರಸ್ಟ್ ಎರಡೂ ಇದ್ದರೆ ಒಂದೇ ಕಾನ್ಫಿಗ್ ಶೈಲಿ ಕಲಿತರೆ ಸಾಕು ಅನ್ನುವುದು ಸಣ್ಣ ಲಾಭವಲ್ಲ.

ಜಾವಾ ಅಥವಾ ಕಾಟ್ಲಿನ್‌ನಲ್ಲಿ ಬರೆದು ಗ್ರಾಲ್‌ವಿಎಂನಿಂದ ನೇಟಿವ್ ಬೈನರಿ ಮಾಡುವವರಿಗೆ ಜೆರಿಲೀಸರ್ ಇದೆ. ನೇಟಿವ್ ಇಮೇಜ್ ಬೇರೆ ಪ್ಲಾಟ್‌ಫಾರ್ಮ್‌ಗೆ ಕ್ರಾಸ್ ಕಂಪೈಲ್ ಆಗುವುದಿಲ್ಲ, ಹಾಗಾಗಿ ಮ್ಯಾಟ್ರಿಕ್ಸ್‌ನಲ್ಲಿ ಬಿಲ್ಡ್, ಜೆರಿಲೀಸರ್‌ನಲ್ಲಿ ವಿತರಣೆ.

## ಸಂಖ್ಯೆಯನ್ನು ಯಾರು ತೀರ್ಮಾನಿಸಬೇಕು

ಸೆಮ್ಯಾಂಟಿಕ್ ರಿಲೀಸ್ ಕಮಿಟ್ ಸಂದೇಶ ಓದುತ್ತದೆ: "ಫಿಕ್ಸ್" ಇದ್ದರೆ ಕೊನೆಯ ಅಂಕಿ, "ಫೀಟ್" ಇದ್ದರೆ ನಡುವಿನದು, ಬ್ರೇಕಿಂಗ್ ಚೇಂಜ್ ಅಂತಿದ್ದರೆ ಮೊದಲನೆಯದು ಏರುತ್ತದೆ. ಮೇನ್ ಬ್ರಾಂಚ್‌ಗೆ ಮರ್ಜ್ ಆದರೆ ಆಯಿತು, ಮನುಷ್ಯರನ್ನು ಕೇಳದೆ ರಿಲೀಸ್ ಹೋಗುತ್ತದೆ. ರಿಲೀಸ್ ಪ್ಲೀಸ್, ಮತ್ತು ರಸ್ಟ್‌ನವರ ರಿಲೀಸ್‌-ಪ್ಲ್ಜ್, ಹಾಗೆ ಮಾಡುವುದಿಲ್ಲ. ಮುಂದಿನ ಸಂಖ್ಯೆ ಮತ್ತು ಚೇಂಜ್‌ಲಾಗ್ ಇರುವ ಪುಲ್ ರಿಕ್ವೆಸ್ಟ್ ಒಂದನ್ನು ತೆರೆದಿಟ್ಟು, ನೀವು ಮರ್ಜ್ ಮಾಡುವವರೆಗೆ ಕಾಯುತ್ತವೆ.

ಕಮಾಂಡ್ ಲೈನ್ ಟೂಲ್‌ಗೆ ನಾನು ಎರಡನೆಯದನ್ನೇ ಒತ್ತಿ ಹೇಳುತ್ತೇನೆ. ಲೈಬ್ರರಿಯಲ್ಲಿ ಫಂಕ್ಷನ್‌ನ ಸಿಗ್ನೇಚರ್ (ಅದರ ಹೆಸರು, ಇನ್‌ಪುಟ್, ಔಟ್‌ಪುಟ್‌ನ ರೂಪ) ಬದಲಾದರೆ ಟೂಲ್‌ಗಳು ಹಿಡಿಯುತ್ತವೆ. ರಿಲೀಸ್‌-ಪ್ಲ್ಜ್ ಬಳಸುವ ಕಾರ್ಗೋ ಸೆಮ್‌ವರ್ ಚೆಕ್ಸ್ ಅದನ್ನೇ ಮಾಡುತ್ತದೆ. ಆದರೆ ನಿಮ್ಮ ಟೂಲ್‌ನ ನಿಜವಾದ ಒಪ್ಪಂದ ಇರುವುದು ಫ್ಲ್ಯಾಗ್‌ಗಳಲ್ಲಿ, ಎಕ್ಸಿಟ್ ಕೋಡ್‌ನಲ್ಲಿ, ಔಟ್‌ಪುಟ್‌ನ ಆಕಾರದಲ್ಲಿ. ಟೇಬಲ್‌ನಲ್ಲಿ ಒಂದು ಕಾಲಮ್ ಹಿಂದೆ ಮುಂದೆ ಆದರೆ, ಅದನ್ನು ಆಕ್‌ಗೆ (ಸಾಲುಗಳಿಂದ ಕಾಲಮ್ ಹೆಕ್ಕುವ ಕಮಾಂಡ್) ಪೈಪ್ ಮಾಡಿದ್ದ ಎಷ್ಟೋ ಸ್ಕ್ರಿಪ್ಟ್‌ಗಳು ಮುರಿಯುತ್ತವೆ. ಬರೆದವರು ಕಮಿಟ್‌ನಲ್ಲಿ "ಫಿಕ್ಸ್: ಕಾಲಮ್ ಕ್ರಮ" ಅಂತ ಹಾಕಿರುತ್ತಾರೆ. ಅದು ಮುರಿಯುವ ಬದಲಾವಣೆ ಅಂತ ಚೇಂಜ್‌ಲಾಗ್ ಓದುವ ಮನುಷ್ಯರಿಗೆ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ಒಂದು ಹೊಂಡ ಇದೆ, ಬಹುತೇಕರು ಬೀಳುವುದು: ಆಕ್ಷನ್ಸ್‌ನ ಡೀಫಾಲ್ಟ್ ಟೋಕನ್ ಬಳಸಿ ಟ್ಯಾಗ್ ಪುಶ್ ಮಾಡಿದರೆ, ಆ ಟ್ಯಾಗ್ ಇನ್ನೊಂದು ವರ್ಕ್‌ಫ್ಲೋವನ್ನು ಎಬ್ಬಿಸುವುದಿಲ್ಲ. ಕೊನೆಯಿಲ್ಲದ ಸುತ್ತು ಆಗಬಾರದು ಅಂತ ಗಿಟ್‌ಹಬ್ ಬೇಕೆಂದೇ ಹಾಗೆ ಮಾಡಿದೆ. ರಿಲೀಸ್ ಪ್ಲೀಸ್ ಟ್ಯಾಗ್ ಹಾಕುತ್ತದೆ, ಗೋರಿಲೀಸರ್ ಏಳುವುದೇ ಇಲ್ಲ, ಎರರ್ ಕೂಡ ಎಲ್ಲೂ ಕಾಣುವುದಿಲ್ಲ. ಗಿಟ್‌ಹಬ್ ಆ್ಯಪ್‌ನ ಟೋಕನ್ ಬಳಸಿ, ಇಲ್ಲವೇ ಎರಡನ್ನೂ ಒಂದೇ ವರ್ಕ್‌ಫ್ಲೋನ ಜಾಬ್‌ಗಳಾಗಿ ಜೋಡಿಸಿ.

## ಟೂಲ್ ಯಾವುದಾದರೂ ತಪ್ಪದ ವಿಷಯಗಳು

ಉಬುಂಟು 24.04 ರನ್ನರ್‌ನಲ್ಲಿ ಕಂಪೈಲ್ ಮಾಡಿದ ರಸ್ಟ್ ಬೈನರಿಯನ್ನು ಹಳೆಯ ಸರ್ವರ್‌ನಲ್ಲಿ ಓಡಿಸಿದರೆ "ಜಿಲಿಬ್‌ಸಿ 2.39 ಸಿಗಲಿಲ್ಲ" ಅನ್ನುವ ಎರರ್ ಬರಬಹುದು. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ; ಬಿಲ್ಡ್ ಯಂತ್ರದ ಜಿಲಿಬ್‌ಸಿಯಲ್ಲಿರುವ ಹೊಸ ಸಿಂಬಲ್‌ಗಳಿಗೆ ಬೈನರಿ ಕಟ್ಟುಬಿದ್ದಿರುತ್ತದೆ. ಉಬುಂಟು 22.04ರಲ್ಲಿ ಇರುವುದು 2.35. ಮೂರು ದಾರಿಗಳಿವೆ: ಹಳೆಯ ಡಿಸ್ಟ್ರೊದ ಕಂಟೇನರ್‌ನಲ್ಲಿ ಬಿಲ್ಡ್ ಮಾಡುವುದು, ಮಸಲ್ (ಇನ್ನೊಂದು ಸಣ್ಣ ಸಿ ಲೈಬ್ರರಿ) ಬಳಸಿ ಪೂರ್ತಿ ಸ್ಟ್ಯಾಟಿಕ್ (ಹೊರಗಿನ ಲೈಬ್ರರಿ ಬೇಡದ) ಬೈನರಿ ಮಾಡುವುದು, ಅಥವಾ ಕಾರ್ಗೋ ಜಿಗ್‌ಬಿಲ್ಡ್‌ಗೆ ಟಾರ್ಗೆಟ್ ಹೆಸರಿನ ಕೊನೆಗೆ 2.17 ಅಂತ ಸೇರಿಸಿ ಅಷ್ಟು ಹಳೆಯ ಜಿಲಿಬ್‌ಸಿಗೆ ಲಿಂಕ್ ಮಾಡಿಸುವುದು. ಮಸಲ್‌ನ ಮೆಮೊರಿ ಅಲೊಕೇಟರ್ ಹಲವು ಥ್ರೆಡ್‌ಗಳ ಭಾರದಲ್ಲಿ ನಿಧಾನ, ವೇಗವೇ ಮುಖ್ಯವಾದ ಟೂಲ್ ಆದರೆ ಬೇರೆ ಅಲೊಕೇಟರ್ ಜೋಡಿಸಿ ಅಳೆದು ನೋಡಿ. ನನಗೆ ಹೆಚ್ಚು ಸಲ ಕೈಹಿಡಿದದ್ದು ಜಿಗ್‌ಬಿಲ್ಡ್.

ಮ್ಯಾಕ್‌ನಲ್ಲಿ ಬ್ರೌಸರ್‌ನಿಂದ ಇಳಿಸಿದ ಬೈನರಿಗೆ ಕ್ವಾರಂಟೈನ್ ಗುರುತು ಬೀಳುತ್ತದೆ, ನೋಟರೈಸ್ ಆಗಿಲ್ಲದಿದ್ದರೆ (ಆ್ಯಪಲ್ ಪರಿಶೀಲಿಸಿ ಒಪ್ಪಿರದಿದ್ದರೆ) ಮ್ಯಾಕ್‌ನ ಕಾವಲು ವ್ಯವಸ್ಥೆಯಾದ ಗೇಟ್‌ಕೀಪರ್ ತಡೆಯುತ್ತದೆ. ಟರ್ಮಿನಲ್‌ನ ಕರ್ಲ್ ಕಮಾಂಡ್‌ನಿಂದ ಇಳಿಸಿದರೆ ಆ ಗುರುತು ಇರುವುದಿಲ್ಲ. "ನನ್ನ ಹತ್ತಿರ ಓಡುತ್ತದಲ್ಲ" ಅನ್ನುವ ಗೊಂದಲ ಹುಟ್ಟುವುದು ಇಲ್ಲೇ. ನೋಟರೈಸ್ ಮಾಡಿಸಲು ಆ್ಯಪಲ್ ಡೆವಲಪರ್ ಸದಸ್ಯತ್ವ ಬೇಕು, ವರ್ಷಕ್ಕೆ 99 ಅಮೆರಿಕನ್ ಡಾಲರ್. ವಿಂಡೋಸ್ ಕಡೆ, 2023ರ ಜೂನ್‌ನಿಂದ ಕೋಡ್ ಸೈನಿಂಗ್ ಸರ್ಟಿಫಿಕೇಟ್‌ನ ಖಾಸಗಿ ಕೀಲಿ ಹಾರ್ಡ್‌ವೇರ್‌ನಲ್ಲೇ ಇರಬೇಕೆಂಬ ನಿಯಮ ಬಂದಿದೆ. ಕೀಲಿ ಫೈಲನ್ನು ಆಕ್ಷನ್ಸ್‌ನ ಸೀಕ್ರೆಟ್‌ಗೆ (ಗುಟ್ಟಾಗಿ ಇಡುವ ಸೆಟ್ಟಿಂಗ್) ಹಾಕಿ ಸಹಿ ಮಾಡುವ ಹಳೆಯ ರೂಢಿ ಹೊಸ ಸರ್ಟಿಫಿಕೇಟ್‌ಗೆ ನಡೆಯುವುದಿಲ್ಲ, ಕ್ಲೌಡ್ ಸಹಿ ಸೇವೆ ಹುಡುಕಬೇಕು.

ರಿಲೀಸ್ ವರ್ಕ್‌ಫ್ಲೋ ಕೈಯಲ್ಲಿ ನಿಮ್ಮ ಎಲ್ಲ ಕೀಲಿಗಳೂ ಇರುತ್ತವೆ ಅನ್ನುವುದನ್ನು ಮರೆಯಬೇಡಿ. 2025ರ ಮಾರ್ಚ್‌ನಲ್ಲಿ ಟಿಜೆ ಆಕ್ಷನ್ಸ್‌ನ ಚೇಂಜ್ಡ್ ಫೈಲ್ಸ್ ಅನ್ನುವ ಆಕ್ಷನ್‌ನ ಟ್ಯಾಗ್‌ಗಳನ್ನು ದಾಳಿಕೋರರು ದುಷ್ಟ ಕಮಿಟ್‌ಗೆ ತಿರುಗಿಸಿದರು. 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ಆಕ್ಷನ್ ಅದು, ಸೀಕ್ರೆಟ್‌ಗಳು ಲಾಗ್‌ನಲ್ಲಿ ಸೋರಿದವು. ಪೂರ್ತಿ ಕಮಿಟ್ ಹ್ಯಾಶ್‌ಗೆ ಪಿನ್ ಮಾಡಿದ್ದವರು ಬಚಾವಾದರು. ರಿಲೀಸ್ ಫೈಲ್‌ನಲ್ಲಾದರೂ ಪ್ರತಿ ಆಕ್ಷನ್ನನ್ನೂ ಹ್ಯಾಶ್‌ಗೆ ಪಿನ್ ಮಾಡಿ, ಬರೆಯುವ ಅನುಮತಿಯನ್ನು ಕೊನೆಯ ಪ್ರಕಟಣೆ ಜಾಬ್‌ಗೆ ಮಾತ್ರ ಕೊಡಿ. ಗಿಟ್‌ಹಬ್‌ನ ಆರ್ಟಿಫ್ಯಾಕ್ಟ್ ಅಟೆಸ್ಟೇಶನ್ ಸೇರಿಸಲು ಕೆಲವೇ ಸಾಲು ಸಾಕು, ಈ ಬೈನರಿ ಈ ರೆಪೊದ ಈ ವರ್ಕ್‌ಫ್ಲೋನಿಂದಲೇ ಬಂತು ಅಂತ ಬಳಕೆದಾರರು ಜಿಎಚ್ ಕಮಾಂಡ್‌ನಿಂದ ಪರಿಶೀಲಿಸಬಹುದು.

## ಹಾಗಾದರೆ ಯಾವುದು?

ಶುದ್ಧ ಗೋ: ಗೋರಿಲೀಸರ್, ಟ್ಯಾಗ್ ಕೈಯಲ್ಲೇ. ಕಮಿಟ್ ಮಾಡುವವರು ಐದಾರು ಜನ ಆದಾಗ ರಿಲೀಸ್ ಪ್ಲೀಸ್ ಸೇರಿಸಿ, ಅದಕ್ಕೂ ಮುಂಚೆ ಬೇಡ. ರಸ್ಟ್ ಆಗಿದ್ದು ಇನ್‌ಸ್ಟಾಲರ್ ಬೇಕಿದ್ದರೆ ಕಾರ್ಗೋ ಡಿಸ್ಟ್. ಅದೇ ವರ್ಕ್‌ಸ್ಪೇಸ್‌ನಲ್ಲಿ ಲೈಬ್ರರಿ ಕ್ರೇಟ್‌ಗಳೂ ಇದ್ದರೆ ಸಂಖ್ಯೆಗೆ ರಿಲೀಸ್‌-ಪ್ಲ್ಜ್. ಸಿ, ಸಿ ಪ್ಲಸ್ ಪ್ಲಸ್ ಅಥವಾ ಸಿಗೋ ಭಾರ ಇದ್ದರೆ ಕೈಬರಹದ ಮ್ಯಾಟ್ರಿಕ್ಸ್ ಮತ್ತು ಡ್ರಾಫ್ಟ್ ರಿಲೀಸ್. ಬಳಕೆದಾರರು ನಿಮ್ಮದೇ ತಂಡದ ಹತ್ತು ಜನ, ಎಲ್ಲರೂ ಲಿನಕ್ಸ್‌ನಲ್ಲಿ ಇದ್ದರೆ ಇದ್ಯಾವುದೂ ಬೇಡ, ಮೇಕ್‌ಫೈಲ್‌ನಲ್ಲಿ ಒಂದು ಟಾರ್ಗೆಟ್ ಸಾಕು.

ಯಾವುದನ್ನು ಆರಿಸಿದರೂ ಕೊನೆಯಲ್ಲಿ ಒಂದು ಜಾಬ್ ಸೇರಿಸಿ. ರಿಲೀಸ್ ಬಹಿರಂಗವಾದ ಮೇಲೆ ಅದು ಏನೂ ಇಲ್ಲದ ಹಳೆಯ ಡಿಸ್ಟ್ರೊ ಕಂಟೇನರ್‌ನಲ್ಲಿ ಏಳಬೇಕು, ಹೊರಗಿನ ಬಳಕೆದಾರರ ಹಾಗೆ ಟೋಕನ್ ಇಲ್ಲದೆ ಆರ್ಕೈವನ್ನು ಇಳಿಸಿಕೊಳ್ಳಬೇಕು, ಚೆಕ್‌ಸಮ್ ತಾಳೆ ನೋಡಬೇಕು, ಬಿಚ್ಚಿ ವರ್ಷನ್ ಕೇಳಬೇಕು, ಬಂದ ಉತ್ತರವನ್ನು ಟ್ಯಾಗ್ ಜೊತೆ ಹೋಲಿಸಬೇಕು. ಹನ್ನೆರಡು ಸಾಲಿನ ಶೆಲ್ ಸ್ಕ್ರಿಪ್ಟ್. ಮೊದಲ ಸಲ ಅದನ್ನು ಆರ್‌ಸಿ.1 (ಆರ್‌ಸಿ ಅಂದರೆ ರಿಲೀಸ್ ಕ್ಯಾಂಡಿಡೇಟ್) ಅಂತ ಕೊನೆಯಾಗುವ ಪ್ರೀ ರಿಲೀಸ್ ಟ್ಯಾಗ್ ಮೇಲೆ ಓಡಿಸಿ. "ಡೆವ್" ಅಂತ ಉತ್ತರ ಬಂದರೆ ಲಿಂಕರ್ ಫ್ಲ್ಯಾಗ್‌ನಲ್ಲಿರುವ ಪ್ಯಾಕೇಜ್ ಹೆಸರನ್ನು ನೋಡಿ, ತಿದ್ದಿ, ಆ ಟ್ಯಾಗನ್ನು ಮುಟ್ಟದೆ ಆರ್‌ಸಿ.2 ಹಾಕಿ.